ಖಾಲಿ ಕಾರಿನ ಅಳತೆ

೨೦೦೪ನೇ ಇಸವಿ. ಆಗಿನ್ನೂ ಸರ್ಕಾರಿ ಕಾಗದಗಳಲ್ಲಿ ನಮ್ಮ ಊರು ಗುಲ್ಬರ್ಗ. ಜನರ ಬಾಯಲ್ಲಿ ಮಾತ್ರ ಎಂದಿನಂತೆ ಕಲಬುರಗಿ. ನಂದೂರ ಕೈಗಾರಿಕಾ ಪ್ರದೇಶಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ವ್ಹೀಲ್ ಅಲೈನ್‌ಮೆಂಟ್ ಮತ್ತು ಟೈರ್ ಅಂಗಡಿ ಇತ್ತು. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ಬೇರೆಯವರ ವರ್ಕ್‌ಶಾಪುಗಳಲ್ಲಿ ಬಹುಕಾಲ ದುಡಿದ ಮೇಲೆ ಹಾಕಿದ ಅಂಗಡಿ. ಬೇಳೆ ಮಿಲ್ಲುಗಳ ಲಾರಿ, ಮಹಾಗಾಂವ ಕಡೆಯ ಟೆಂಪೊ, ಊರಿನ ಕೆಲವು ಡಾಕ್ಟರುಗಳ ಕಾರು, ಇವೇ ನನ್ನ ಗಿರಾಕಿಗಳು. ಸ್ಪೋರ್ಟ್ಸ್ ಕೂಪೆ ಎಂಬುದನ್ನು ನಾನು ಕಂಡದ್ದು ಪತ್ರಿಕೆಗಳ ಬಣ್ಣದ ಪುಟದಲ್ಲಿ ಮಾತ್ರ. ಹಾಗಾಗಿ ಅಂಥದೊಂದು ನನ್ನ ಅಂಗಡಿಯ ಮುಂದೆ ಬಂದು ನಿಂತಾಗ ಮೊದಲು ಆದದ್ದು ಖುಷಿಯೇ.

ಕಾರು ಅನಿಲನದು. ಅವನ ತಂದೆ ರೇವಣಸಿದ್ದಪ್ಪನವರ ಬೇಳೆ ಮಿಲ್ಲು ನನ್ನ ಅಂಗಡಿಯಿಂದ ಕೂಗಳತೆಯಲ್ಲಿತ್ತು. ಅವರ ಲಾರಿಗಳ ಚಕ್ರಗಳಿಗೆಲ್ಲ ನಾನೇ ವೈದ್ಯ. ಮಗನ ಮದುವೆ ಗೊತ್ತಾಗಿತ್ತು. ಹುಡುಗಿ ಸುವರ್ಣಾ, ಕಮಲಾಪುರದವಳು, ಅಲ್ಲಿಯ ಶಾಲೆಯಲ್ಲಿ ಟೀಚರ್. ಮದುವೆಯ ನೆಪದಲ್ಲಿ ಅನಿಲ ಹೈದರಾಬಾದಿನಿಂದ ಈ ಎರಡು ಬಾಗಿಲಿನ, ನೆಲಕ್ಕೆ ಹೊಟ್ಟೆ ಹಚ್ಚಿ ಕುಳಿತಂಥ ಕೆಂಪು ಕಾರನ್ನು ಸೆಕೆಂಡ್ ಹ್ಯಾಂಡ್ ತಂದಿದ್ದ. ಜೊತೆಗೆ ಒಂದು ಟೆಂಪೊದಲ್ಲಿ ನಾಲ್ಕು ಹೊಸ ಅಲಾಯ್ ವ್ಹೀಲ್, ಅವಕ್ಕೆ ಅಗಲವಾದ ಟೈರ್. ಹುಡುಗಿಯನ್ನು ಕಮಲಾಪುರದಿಂದ ಈ ಕಾರಿನಲ್ಲೇ, ಈ ಚಕ್ರಗಳ ಮೇಲೆಯೇ ತಾನೇ ಓಡಿಸಿಕೊಂಡು ಬರಬೇಕೆಂಬುದು ಅವನ ಹಟ.

ಆ ಚಕ್ರಗಳ ಒಳಮೈಯಲ್ಲಿ ಕೆತ್ತಿದ್ದ ಅಂಕಿ ಓದಿದ್ದೇ ನನ್ನ ಖುಷಿ ಇಳಿಯಿತು. ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಕಾರಿನ ಜೊತೆ ಬಂದ ಮೂಲ ಚಕ್ರ ಹದಿನೈದು ಇಂಚು ಎತ್ತರ, ಆರು ಇಂಚು ಅಗಲ, ಟೈರು 195/55. ಅಂದರೆ ಟೈರಿನ ಅಗಲ 195 ಮಿಲಿಮೀಟರ್, ಅದರ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ ಐವತ್ತೈದು ಪಾಲು. ಆಫ್‌ಸೆಟ್ 45. ಚಕ್ರದ ಅಗಲದ ನಡುಗೆರೆಗೂ, ಅದು ಅಚ್ಚಿನ ತುದಿಯ ಹಬ್‌ಗೆ ಬೋಲ್ಟಿನಿಂದ ಕೂಡುವ ಮುಖಕ್ಕೂ ಇರುವ ದೂರವೇ ಆಫ್‌ಸೆಟ್. ಅದು ಕಡಿಮೆಯಾದಷ್ಟೂ ಚಕ್ರ ಹೊರಗೆ ಸರಿಯುತ್ತದೆ. ಎತ್ತಿನ ಬಂಡಿಯ ಗಾಲಿ ಅಚ್ಚಿನ ತುದಿಗೆ ಸರಿದಂತೆ. ಅನಿಲ ತಂದದ್ದು ಹದಿನೇಳು ಇಂಚಿನ, ಎಂಟು ಇಂಚು ಅಗಲದ ಚಕ್ರ, ಟೈರು 225/45, ಆಫ್‌ಸೆಟ್ ಬರೀ 20. ಕೂಡಿಸಿ ಕಳೆದು ನೋಡಿದರೆ ಟೈರಿನ ಹೊರಮೈ ಮೊದಲಿಗಿಂತ ನಲವತ್ತು ಮಿಲಿಮೀಟರ್ ಆಚೆ ಬರುತ್ತಿತ್ತು. ಎತ್ತರವೂ ಹೆಚ್ಚು. ಚಕ್ರದ ಮೇಲಿನ ಕಮಾನು, ಅಂದರೆ ಫೆಂಡರ್, ಇದ್ದಲ್ಲೇ ಇರುತ್ತದೆ. ಕಾರು ಭಾರಕ್ಕೆ ಕೆಳಗೆ ಕುಸಿದಾಗ ಆ ಫೆಂಡರಿನ ಒಳಗೆ ಮಡಚಿದ ತಗಡಿನ ಅಂಚು ಟೈರಿನ ಭುಜಕ್ಕೆ, ಅಂದರೆ ನೆಲ ತಾಗುವ ಮೈ ಪಕ್ಕದ ಗೋಡೆಗೆ ತಿರುಗುವ ಅಂಚಿಗೆ, ಸರಿಯಾಗಿ ಬಂದು ಕೂರುತ್ತದೆ.

"ಹದಿನಾರು ಇಂಚಿಂದು ಹಾಕೋಣ, 205/45 ಟೈರು, ಆಫ್‌ಸೆಟ್ 42. ಗಾಡಿ ಚಂದನೂ ಕಾಣ್ತದ, ಎಲ್ಲೂ ತಾಗಂಗಿಲ್ಲ" ಎಂದೆ.

ಅನಿಲ ನಕ್ಕ. "ಹದಿನಾರು ಇಂಚಿಂದು ಡಾಕ್ಟರ್ ಮಂದಿ ಹಾಕ್ಕೋತಾರ್ರೀ."

ನನಗೂ ಸಿಟ್ಟು ಬೇಗ. ಬಾಯಲ್ಲಿ ವಾದಿಸುವ ಬದಲು ಹಿಂದಿನ ಎರಡು ಚಕ್ರಗಳನ್ನು ಅಲ್ಲೇ ಹಾಕಿಸಿದೆ. ಕಾರು ನಿಜಕ್ಕೂ ಚೆನ್ನಾಗಿ ಕಂಡಿತು, ಸುಳ್ಳು ಹೇಳಬಾರದು. ಟೈರಿಗೂ ಫೆಂಡರಿಗೂ ನಡುವೆ ಬೆರಳು ತೂರುವಷ್ಟು ಜಾಗ. ಅನಿಲ ಆ ಸಂದಿಯಲ್ಲಿ ಬೆರಳಾಡಿಸಿ ನನ್ನ ಕಡೆ ನೋಡಿದ, ಇನ್ನೇನು ಬೇಕು ಎನ್ನುವಂತೆ. ನಾನು ಫಿಟರ್ ಖಾಜಾ ಮಿಯಾನಿಗೆ ಹೇಳಿ ಮಿಲ್ಲಿನಿಂದ ಐವತ್ತು ಕಿಲೊದ ತೊಗರಿಬೇಳೆ ಚೀಲ ತರಿಸಿದೆ. ಹಿಂದಿನ ಸೀಟಿನ ಮೇಲೆ ಮೂರು, ಡಿಕ್ಕಿಯಲ್ಲಿ ಒಂದು. ಲಾರಿಗಳ ಅಳತೆಯನ್ನು ನಾವು ಯಾವಾಗಲೂ ಭಾರ ಹಾಕಿಯೇ ತೆಗೆಯುತ್ತಿದ್ದೆವು. ಕಾರಿಗೆ ಆ ಮರ್ಯಾದೆ ಕೊಟ್ಟದ್ದು ಅದೇ ಮೊದಲು. ಫೆಂಡರಿನ ಒಳ ಅಂಚಿಗೆ ಸೀಮೆಸುಣ್ಣ ತಿಕ್ಕಿದೆ. ಖಾಜಾ ಹಿಂದಿನ ಬಂಪರ್ ಹಿಡಿದು ಕಾರನ್ನು ಜೋರಾಗಿ ಕೆಳಗೆ ಒತ್ತಿದ. ಕಿರ್ ಎಂಬ ಸದ್ದು. ಟೈರಿನ ಭುಜದ ಮೇಲೆ ಬಿಳಿ ಗೆರೆ ಎಳೆದಿತ್ತು.

"ಸಾಬ್, ಇದು ಗೆರಿ ಅಲ್ರೀ, ಛುರಿ ಇಡೋ ಜಾಗ" ಎಂದ ಖಾಜಾ.

ಅನಿಲನ ಮುಖ ಕೆಂಪಾಯಿತು. "ಇದ್ರಾಗ ಮೂರು ಮಂದಿ ಹಿಂದ ಯಾರು ಕೂಡ್ತಾರ್ರೀ? ಇದು ಇಬ್ಬರ ಗಾಡಿ. ಬ್ಯಾಳಿ ಸಾಗ್ಸಾಕ ತಂದಿಲ್ಲ ನಾ."

ಹಾಕಿಕೊಡುವುದಿಲ್ಲ ಎಂದು ನಾನು ಖಂಡಿತವಾಗಿ ಹೇಳಿದೆ. ಅವನು ನಾಲ್ಕೂ ಚಕ್ರ ಎತ್ತಿಕೊಂಡು ಹೋದ. ಸೂಪರ್ ಮಾರ್ಕೆಟ್ ಹಿಂದಿನ ಯಾವುದೋ ಅಂಗಡಿಯಲ್ಲಿ ಫೆಂಡರಿನ ಅಂಚನ್ನು ಸುತ್ತಿಗೆಯಿಂದ ಬಡಿದು ಮಡಚಿ, ಚಕ್ರ ಕೂರಿಸಿ ಕೊಟ್ಟರೆಂದು ಆಮೇಲೆ ತಿಳಿಯಿತು. ಬಡಿದ ತಗಡು ಒಂದೇ ಸಮ ಮಡಚುವುದಿಲ್ಲ. ಅಲ್ಲಲ್ಲಿ ಹಲ್ಲು ಏಳುತ್ತದೆ. ಅಂದಿನಿಂದ ಆ ಕಾರು ನನ್ನ ಅಂಗಡಿಯ ಮುಂದೆ ಹಾದುಹೋದಾಗಲೆಲ್ಲ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಖಾಲಿ ಓಡುವಾಗ ಸದ್ದಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು, ಏಕೆಂದರೆ ಅವನಿಗೆ ತಾನೇ ಸರಿ ಎಂಬ ಧೈರ್ಯ ದಿನದಿನಕ್ಕೆ ಗಟ್ಟಿಯಾಗುತ್ತಿತ್ತು.

ಮದುವೆ ಕಮಲಾಪುರದಲ್ಲಿ. ರೇವಣಸಿದ್ದಪ್ಪನವರು ಸ್ವತಃ ಬಂದು ಕರೆದಿದ್ದರು, ನಾನೂ ಖಾಜಾನೂ ಮಿಲ್ಲಿನ ಜೀಪಿನಲ್ಲಿ ಹೋದೆವು. ತೊಗರಿ ರಾಶಿಯ ಕಾಲ. ಮಹಾಗಾಂವ ದಾಟುವಾಗ ರಸ್ತೆಯ ಮೇಲೆಯೇ ತೊಗರಿ ಕಟ್ಟಿಗೆ ಹರವಿದ್ದರು. ನಮ್ಮ ಜೀಪು ಅದರ ಮೇಲೆ ಕುಣಿಯುತ್ತ ಹೋಯಿತು. ನನಗೆ ಮಾತ್ರ ಕೆಂಪು ಕಾರಿನದೇ ಚಿಂತೆ, ಏಕೆಂದರೆ ಅದು ಬೆಳಿಗ್ಗೆ ಮದುಮಗನನ್ನೂ ಅವನ ಮೂವರು ಗೆಳೆಯರನ್ನೂ ತುಂಬಿಕೊಂಡು ಇದೇ ದಾರಿಯಲ್ಲಿ ಬಂದಿತ್ತು.

ಅಕ್ಷತೆಯ ಅಕ್ಕಿಕಾಳು ಬಿದ್ದು ಊಟ ಮುಗಿದ ಮೇಲೆ ನಾನು ಹಂದರದ ಹೊರಗೆ ನಿಂತಿದ್ದ ಕಾರಿನ ಹತ್ತಿರ ಹೋದೆ. ಮಲ್ಲಿಗೆ ಮಾಲೆ, ಬಾಳೆ ಕಂಬ, ಬಾನೆಟ್ಟಿನ ಮೇಲೆ ಕುಂಕುಮ. ಆ ಹೂವಿನ ವಾಸನೆಯ ನಡುವೆ ಸುಟ್ಟ ರಬ್ಬರಿನ ವಾಸನೆ. ಹಿಂದಿನ ಎಡ ಟೈರಿನ ಭುಜಕ್ಕೆ ಕೈ ಹಾಕಿದೆ. ಸೀಮೆಸುಣ್ಣ ಗೆರೆ ಎಳೆದಿದ್ದ ಜಾಗದಲ್ಲೇ ಸುತ್ತಲೂ ಒಂದು ಕಾಲುವೆ ಕೊರೆದಿತ್ತು. ಅದರ ತಳದಲ್ಲಿ ಬೆರಳಿಗೆ ದಾರ ಸಿಕ್ಕಿತು. ರಬ್ಬರಿನೊಳಗೆ ಹೆಣೆದ ಆ ದಾರಗಳೇ ಟೈರಿನ ಗಾಳಿಯನ್ನು ತಡೆದು ಹಿಡಿಯುವುದು. ಅವು ಹೊರಗೆ ಕಂಡವೆಂದರೆ ಟೈರಿನ ಆಯುಷ್ಯ ಮುಗಿಯಿತೆಂದೇ ಲೆಕ್ಕ. ಬಲಗಡೆಯದೂ ಹಾಗೆಯೇ ಇತ್ತು.

ಅನಿಲನನ್ನು ಪಕ್ಕಕ್ಕೆ ಕರೆದು ಹೇಳಿದೆ. "ಇವತ್ತಾದ್ರೂ ನನ್ನ ಗಾಡಿ ಸುದ್ದಿ ಬಿಡ್ರಿ" ಎಂದು ಬಾಸಿಂಗ ಸರಿಮಾಡಿಕೊಳ್ಳುತ್ತ ಹೋಗಿಬಿಟ್ಟ. ರೇವಣಸಿದ್ದಪ್ಪನವರ ಬಳಿ ಹೋದೆ. ಟೈರು ಒಡೀತದ ಎನ್ನುವಷ್ಟರಲ್ಲಿ ಅವರು ನನ್ನ ಬಾಯಿಗೆ ಕೈಯನ್ನೇ ಅಡ್ಡ ಹಿಡಿದರು.

"ಹೆಣ್ಣ ಒಪ್ಪಿಸಿ ಕೊಡೋ ಹೊತ್ತಿನ್ಯಾಗ ಒಡೀತದ, ಮುರೀತದ ಅಂತ ಅಪಶಕುನ ನುಡೀಬ್ಯಾಡ್ರಿ. ಕೈ ಮುಗೀತೀನಿ."

ಸುತ್ತ ನಿಂತಿದ್ದ ಹೆಂಗಸರು ನನ್ನನ್ನು ನೋಡಿದ ರೀತಿಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಷ್ಟರಲ್ಲಿ ಸುವರ್ಣಾಳ ಉಡಿ ತುಂಬಿ ಆಗಿತ್ತು. ಕೊಬ್ಬರಿ, ಅಕ್ಕಿ, ಬೆಲ್ಲ ತುಂಬಿದ ಉಡಿ ಹಿಡಿದು ಅವಳು ಮುಂದಿನ ಸೀಟಿನಲ್ಲಿ ಕುಳಿತಳು. ನಮ್ಮ ಕಡೆ ಉಡಿ ತುಂಬಿಸಿಕೊಂಡು ಗಾಡಿ ಹತ್ತಿದ ಮದುಮಗಳು ಗಂಡನ ಮನೆಯ ಹೊಸ್ತಿಲವರೆಗೆ ನೆಲಕ್ಕೆ ಕಾಲು ಇಡುವುದಿಲ್ಲ. ಸಂಪ್ರದಾಯದಂತೆ ಜೊತೆಗೆ ಕಳಸ ಹಿಡಿದ ಅನಿಲನ ತಂಗಿ, ಸೋದರಮಾವ, ಸೋದರತ್ತೆ ಬರಲೇಬೇಕು. ಮೂವರೂ ಡ್ರೈವರ್ ಕಡೆಯ ಬಾಗಿಲಿನಿಂದ ಒತ್ತಿಕೊಂಡು ಹಿಂದಿನ ಸೀಟಿಗೆ ಸೇರಿದರು. ಡಿಕ್ಕಿಯಲ್ಲಿ ತವರಿನವರು ಕೊಟ್ಟ ಹಿತ್ತಾಳೆಯ ಹಂಡೆ, ಕೊಡಪಾನ. ನನ್ನ ಬೇಳೆ ಚೀಲಗಳ ಭಾರಕ್ಕೆ ಸರಿಸಮವಾಗಿ ಇಬ್ಬರ ಗಾಡಿಯೊಳಗೆ ಆಗಲೇ ನಾಲ್ಕು ಜೀವ ತುಂಬಿದ್ದವು, ಐದನೆಯವನಾಗಿ ಅನಿಲ ಇನ್ನೂ ಹತ್ತಬೇಕಿತ್ತು. ಕಾರಿನ ಹಿಂಭಾಗ ಕುಸಿದು, ಟೈರು ಫೆಂಡರಿನೊಳಗೆ ಅಡಗಿಹೋಯಿತು.

ಆ ತಗಡಿನ ಹಲ್ಲುಗಳು, ಆ ದಾರಗಳು, ಮುಂದೆ ಮಹಾಗಾಂವದ ತೊಗರಿ ಹರವಿದ ರಸ್ತೆ, ಎದುರಿಗೆ ಬರುವ ಲಾರಿಗಳು. ಓಡುವ ಕಾರಿನಲ್ಲಿ ಹಿಂದಿನ ಟೈರು ಸಿಡಿದರೆ ಸ್ಟೇರಿಂಗ್ ಹಿಡಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ನನಗೆ ಭಯವಾಯಿತು. ಅಂಥ ಭಯ ಆ ಮೊದಲೂ ಆಮೇಲೂ ನನಗೆ ಆಗಿಲ್ಲ. ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ಆಕೆ ಇಳಿಯುವ ಹಾಗಿಲ್ಲ, ಅನಿಲ ಜನರಿಗೆಲ್ಲ ಕೈಮುಗಿಯುತ್ತ ಕಾರಿನ ಕಡೆ ಬರುತ್ತಿದ್ದ.

ನನ್ನ ಕೀಲಿಗೊಂಚಲಿನಲ್ಲಿ ಯಾವಾಗಲೂ ಒಂದು ಚಿಕ್ಕ ಸಾಧನ ಇರುತ್ತಿತ್ತು, ಟೈರಿನ ವಾಲ್ವ್ ಒಳಗಿನ ಪಿನ್ ಬಿಚ್ಚುವಂಥದು. ಖಾಜಾನಿಗೆ ಕಣ್ಣು ಮಾಡಿದೆ. ಅವನು ಹಲಗಿ ಬಾರಿಸುವವರ ಬಳಿ ಹೋಗಿ, "ಜೋರ್ಸೆ ಬಾರಿಸ್ರಪಾ, ಶಾದಿ ಐತೋ ಏನ್ ಪಂಚಾಯ್ತಿ ಐತೋ!" ಎಂದು ಹುರಿದುಂಬಿಸಿದ. ಆ ಗದ್ದಲದಲ್ಲಿ ನಾನು ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಎಡಚಕ್ರದ ಬಳಿ ಕುಳಿತು ಪಿನ್ ಬಿಚ್ಚಿದೆ. ಒಂದೇ ಟೈರಿನ ಗಾಳಿ ಇಳಿದರೆ ಸ್ಟೆಪ್ನಿ ಹಾಕಿಕೊಂಡು ಹೊರಟುಬಿಡುತ್ತಾರೆ. ಸುತ್ತಿ ಹೋಗಿ ಬಲಗಡೆಯದನ್ನೂ ಬಿಚ್ಚಿದೆ. ಎರಡೂ ಪಿನ್ ಜೇಬಿಗೆ ಹಾಕಿಕೊಂಡು ಜನರ ನಡುವೆ ಸೇರಿಕೊಂಡೆ.

ಅನಿಲ ಕಾರು ಶುರು ಮಾಡಿ ಒಂದು ಮಾರು ಹೋಗುವಷ್ಟರಲ್ಲಿ ಎರಡೂ ಟೈರು ನೆಲಕ್ಕೆ ಅಂಟಿಕೊಂಡವು. ಗದ್ದಲವೋ ಗದ್ದಲ. "ಯಾರದೋ ಕಣ್ಣ ಬಿತ್ತು ನೋಡ್ರಿ!" ಎಂದು ರೇವಣಸಿದ್ದಪ್ಪನವರು ತಲೆಗೆ ಕೈ ಹಚ್ಚಿ ನಿಂತರು. ಬಿದ್ದ ಕಣ್ಣು ಅವರ ಪಕ್ಕದಲ್ಲೇ ನಿಂತಿತ್ತು. ಮದುಮಗಳನ್ನು ಇಳಿಸುವುದು ಹೇಗೆ ಎಂಬುದೇ ದೊಡ್ಡ ಸಮಸ್ಯೆಯಾಯಿತು. ಕೊನೆಗೆ ಸೋದರತ್ತೆಯೇ ಹಾದಿ ತೋರಿಸಿದರು. "ಕಂಬಳಿ ಹಾಸ್ರಿ. ನೆಲ ಮುಟ್ಟಿದ್ರ ತಾನ ದೋಷ?" ಜೀಪನ್ನು ಬಾಗಿಲಿಗೆ ಹತ್ತಿಸಿ ನಿಲ್ಲಿಸಿ, ನಡುವೆ ಕಂಬಳಿ ಹಾಸಿದರು. ಸುವರ್ಣಾ ತಲೆ ಬಗ್ಗಿಸಿಕೊಂಡು ಕಂಬಳಿಯ ಮೇಲೆ ನಡೆದು ಜೀಪು ಹತ್ತಿದಳು. ಅನಿಲ ಮುಖ ಊದಿಸಿಕೊಂಡು ಅವಳ ಪಕ್ಕ ಕುಳಿತ. ಹೊತ್ತು ಮುಳುಗುವ ಮೊದಲೇ ಅವರು ಮನೆ ಸೇರಿದರು.

ಮರುದಿನ ಕೂಪೆಯನ್ನು ಲಾರಿಯ ಮೇಲೆ ಹೇರಿ ನನ್ನ ಅಂಗಡಿಗೇ ತಂದರು. ಟೈರು ಬಿಚ್ಚುವಾಗ ತಂದೆ ಮಗ ಇಬ್ಬರನ್ನೂ ನಿಲ್ಲಿಸಿಕೊಂಡೆ. ಎಡ ಟೈರನ್ನು ರಿಮ್ಮಿನಿಂದ ಕಳಚಿ ರೇವಣಸಿದ್ದಪ್ಪನವರ ಮುಂದೆ ಹಿಡಿದು, ಆ ಕಾಲುವೆಯ ಮೇಲೆ ಹೆಬ್ಬೆರಳು ಒತ್ತಲು ಹೇಳಿದೆ. ಒತ್ತಿದರು. ಹೆಬ್ಬೆರಳು ಒಳಗೆ ಹೋಯಿತು. ಅನಿಲ ಹೊರಗೆ ಹೋಗಿ ಅಂಗಡಿಯ ಕಟ್ಟೆಯ ಮೇಲೆ ಕುಳಿತ.

"ದೇವ್ರು ಗಾಳಿ ತಗದಾನ" ಎಂದರು ರೇವಣಸಿದ್ದಪ್ಪ. ಖಾಜಾ ಬೇರೆ ಕಡೆ ಮುಖ ತಿರುಗಿಸಿ ಕೆಮ್ಮಿದ. ನಾನು ಬಲಗಡೆಯ ಟೈರು ಕಳಚತೊಡಗಿದೆ.

ಕೆಲವು ತಿಂಗಳು ಕಾರು ಮಿಲ್ಲಿನ ಶೆಡ್ಡಿನಲ್ಲಿ ಮಲಗಿತ್ತು. ಆಮೇಲೆ ಒಂದು ದಿನ ಅನಿಲ, ಸುವರ್ಣಾ ಇಬ್ಬರೂ ಹಳೆಯ ಚಕ್ರಗಳ ಮೇಲೆಯೇ ಅದನ್ನು ತಂದರು. "ನೀವು ಹೇಳಿದ್ದ ಹದಿನಾರೇ ಹಾಕ್ರಿ" ಎಂದ ಅನಿಲ, ನೆಲ ನೋಡುತ್ತ. ಅವನು ಖಾಜಾನೊಡನೆ ಟೈರು ಆರಿಸಲು ಒಳಗೆ ಹೋದಾಗ ಸುವರ್ಣಾ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು.

"ಬಾಸಿಂಗ ನೋಡಿಕೋ ಅಂತ ಇವರು ಬಾಗಿಲ ಕನ್ನಡಿ ನನ್ನ ಕಡಿ ತಿರುವಿದ್ರು. ನೀವು ಗಾಲಿ ಹಂತ್ಯಾಕ ಕುಂತಿದ್ದು ಅದ್ರಾಗ ಕಾಣ್ತಿತ್ರೀ."

ನಾನು ಸ್ಪ್ಯಾನರ್ ಕೆಳಗಿಟ್ಟೆ. "ಮತ್ತ ನೀವು ಯಾರಿಗೂ ಹೇಳಲಿಲ್ಲ?"

"ಮುಂಜಾನಿ ಗುಡಿಗೆ ಹಿಂದ ಮಂದಿ ತುಂಬಿ ಇದೇ ಗಾಡ್ಯಾಗ ಕರಕೊಂಡು ಹೋಗಿದ್ರು. ಒಂದೊಂದು ತಗ್ಗಿಗೂ ಹಿಂದ ಏನೋ ಹರದಂಗ ಸಪ್ಪಳ. ಸುಟ್ಟ ವಾಸನಿ. ಊಟ ಆದ ಮ್ಯಾಲ ಮತ್ತ ಅದ್ರಾಗ ಕೂಡ್ಸಿದಾಗ ಹೇಳಬೇಕಂದ್ರ ಹೊಸ ಸೊಸಿ, ಬಾಯಾಗ ಮಾತು ಬರಲಿಲ್ಲ. ಇಳೀಬೇಕಂದ್ರ ಉಡ್ಯಾಗ ಅಕ್ಕಿ. ಜೀವ ಕೈಯಾಗ ಹಿಡದು ಕುಂತಿದ್ದೆ. ಗಾಡಿ ಸಾವಕಾಶ ಕೆಳಗ ಇಳೀಲಾಕತ್ತಿತು ನೋಡ್ರಿ, ಆವಾಗ ಉಸಿರು ಬಿಟ್ಟೆ."

ಕೇಳಿ ನನ್ನ ಕಣ್ಣು ತುಂಬಿತು. ಆ ದಿನ ಅಷ್ಟು ಜನರ ನಡುವೆ ನಾನೊಬ್ಬನೇ ಹೆದರಿದ್ದೇನೆಂದು ತಿಳಿದಿದ್ದೆ. ಕಾರಿನೊಳಗೇ ಕುಳಿತು, ನನಗಿಂತ ಹೆಚ್ಚು ತಿಳಿದು, ನನಗಿಂತ ಹೆಚ್ಚು ಹೆದರಿದ ಹೆಣ್ಣುಮಗಳು ಒಬ್ಬಳಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಹೊಸ ಚಕ್ರ ಕೂರಿಸಿದ ಮೇಲೆ ಎಂದಿನಂತೆ ಖಾಜಾನಿಗೆ ಚೀಲ ತರಲು ಹೇಳಿದೆ. "ಚೀಲ ಯಾಕ್ರೀ?" ಎಂದಳು ಸುವರ್ಣಾ. ಅನಿಲ ಬಾಗಿಲು ತೆಗೆದು ಮುಂದಿನ ಸೀಟನ್ನು ಮಡಚಿ ಹಿಡಿದ. ಅವಳು ಸೆರಗು ಸಾವರಿಸಿಕೊಂಡು ಹಿಂದಿನ ಸೀಟಿಗೆ ಹೋಗಿ ಕುಳಿತಳು. ಆಗ ಅವಳಿಗೆ ಐದು ತಿಂಗಳು ತುಂಬಿತ್ತು.

"ಈಗ ಅಳೀರಿ" ಎಂದಳು.

ರೇವಣಸಿದ್ದಪ್ಪನವರು ಈಗಿಲ್ಲ, ಆದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ. ಅಂಗಡಿ ಮುಚ್ಚುವವರೆಗೂ ನಾನು ಖಾಲಿ ಕಾರಿನ ಅಳತೆಯನ್ನು ನಂಬಲಿಲ್ಲ. ಯಾರೇ ಅಗಲವಾದ ಚಕ್ರ ಕೇಳಿಕೊಂಡು ಬಂದರೂ, ಓಡಿಸುವವನ ಆಸೆ ಕೇಳುವ ಮೊದಲು ಹಿಂದಿನ ಸೀಟಿನಲ್ಲಿ ಕೂರುವವರು ಯಾರು ಎಂದು ಕೇಳುತ್ತಿದ್ದೆ. ಅವರು ಜೊತೆಯಲ್ಲಿ ಬಂದಿದ್ದರೆ ಅವರನ್ನೇ ಮೊದಲು ಕೂರಿಸಿ, ಆಮೇಲೆ ಸೀಮೆಸುಣ್ಣ ಕೈಗೆತ್ತಿಕೊಳ್ಳುತ್ತಿದ್ದೆ.