ಈಜುಬಾವಿಗೆ ಸುರಿದ ಬಿಳಿ ಪುಡಿ

ಯಗಟಿಯ ಸಣ್ಣಬೀರಪ್ಪನದು ಕೈ ಮೊದಲು, ಮಾತು ಆಮೇಲೆ. ಕುರಿ ಕದಿಯಲು ಬಂದವನೊಬ್ಬನ ಮೊಣಕೈ ಮುರಿದಿದ್ದ. ನಾಯಿಯನ್ನು ಹರಿದ ತೋಳಕ್ಕೆ ಕಂಬಳಿ ಮುಚ್ಚಿ, ಅದರ ಮೇಲೆ ಕುಳಿತು ಉಸಿರುಗಟ್ಟಿಸಿ ಕೊಂದಿದ್ದ. ಆದರೆ ಬೆಳಿಗ್ಗೆ ವಾಂತಿಭೇದಿ ಹತ್ತಿ ಮಲಗಿದ ಹೆಂಡತಿ ಕರಿಯಮ್ಮ ಸಂಜೆಗೆ ಹೆಣವಾದಾಗ ಹೊಡೆಯಲು ಎದುರಿಗೆ ಯಾರೂ ಇರಲಿಲ್ಲ. ಗುಡಿಸಲ ಕಂಬಕ್ಕೆ ಹಣೆ ಚಚ್ಚಿಕೊಂಡ. ರಕ್ತ ಹುಬ್ಬಿಗಿಳಿಯಿತು. ಪುಟ್ಟ ಮಗಳು ಕರಿಬಸಿ ಅದನ್ನು ಕಂಡು ಕಂಬಳಿಯೊಳಗೆ ಮುಖ ಹುದುಗಿಸಿದಳು. ಅವನು ನಿಲ್ಲಿಸಿದ. ಉಳಿದವಳು ಇವಳೊಬ್ಬಳು, ಇವಳನ್ನು ಸಾವಿಗೆ ಬಿಡುವುದಿಲ್ಲ ಎಂದು ಆ ಗಳಿಗೆಯಲ್ಲೇ ಹಟ ಹುಟ್ಟಿತು.

ಇನ್‌ಫ್ಲುಯೆಂಜಾ ಬಂದುಹೋದ ಮೇಲೆ ಊರು ಇನ್ನೂ ಚೇತರಿಸಿಕೊಂಡಿರಲಿಲ್ಲ. ಅಷ್ಟರಲ್ಲಿ ಈ ಬೇಸಿಗೆ, ಈ ರೋಗ. ಕೆರೆಯಲ್ಲಿ ಸತ್ತವರ ಬಟ್ಟೆ ಒಗೆದಿದ್ದರು, ಅಲ್ಲಿನ ನೀರು ಮುಟ್ಟುವಂತಿರಲಿಲ್ಲ. ಸಣ್ಣಬೀರಪ್ಪನಿಗೆ ಗುಡಿಸಲ ಪಕ್ಕದ ಹೊಲದ ಬಾವಿಯೇ ಗತಿ. ಅಪ್ಪ ತೋಡಿಸಿದ ದೊಡ್ಡ ಚೌಕದ ಬಾವಿ ಅದು, ಒಂದು ಬದಿಗೆ ಕಲ್ಲಿನ ಮೆಟ್ಟಿಲು. ಅವನಿಗೂ ಅಣ್ಣ ಕರಿಸಿದ್ದಪ್ಪನಿಗೂ ಸಮಪಾಲು. ಊರಿನ ಹುಡುಗರೆಲ್ಲ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತದ್ದು ಅಲ್ಲೇ, ಕಲಿಸಿದವನು ಕರಿಸಿದ್ದಪ್ಪ. ಉಣ್ಣೆ ಕತ್ತರಿಸುವ ಮುನ್ನ ಕುರಿಗಳನ್ನು ಮೀಯಿಸುತ್ತಿದ್ದದ್ದೂ ಅಲ್ಲೇ.

ಕಡೂರಿನಿಂದ ಬಂದ ಹೆಲ್ತ್ ಇನ್‌ಸ್ಪೆಕ್ಟರು ಒಂದು ಡಬ್ಬಿ ಬ್ಲೀಚಿಂಗ್ ಪುಡಿ ಕೊಟ್ಟು ಬಿಡಿಸಿ ಹೇಳಿದರು. “ಒಂದು ಹಿಡಿ ಪುಡಿ ಬಕೆಟ್ ನೀರಲ್ಲಿ ಕದಡಪ್ಪ. ಗಸಿ ಇಳಿದ ಮೇಲೆ ತಿಳಿ ಮಾತ್ರ ಬಾವಿಗೆ ಹುಯ್ಯಿ. ಬೇರೆ ಏನನ್ನೂ ಬೆರೆಸಬೇಡ. ಒಂದು ದಿನ ಯಾರೂ ಇಳೀಬಾರದು. ಆಮೇಲೆ ನೀರಿಗೆ ಸಣ್ಣ ಘಾಟಿದ್ದರೆ ಸರಿ. ಬಗ್ಗಿದರೆ ಕಣ್ಣು ಉರೀತು ಅಂದರೆ ಹೆಚ್ಚಾಯ್ತು ಅಂತ ತಿಳಿ. ಕುಡಿಯೋದನ್ನ ಹೇಗೂ ಕುದಿಸಿ ಆರಿಸು.”

ಸಣ್ಣಬೀರಪ್ಪ ತಲೆಯಾಡಿಸಿದ. ಮೊದಲು ಮಗಳಿಗೆಂದು ಹೊಸ ಮಡಕೆಯ ತುಂಬ ನೀರು ಕುದಿಸಿ, ಆರಿಸಿ, ಮುಚ್ಚಿಟ್ಟ. ಆಮೇಲೆ ಡಬ್ಬಿ ಹಿಡಿದು ಬಾವಿಯ ದಡದಲ್ಲಿ ನಿಂತ. ಕುರಿಯ ಗೊರಸು ಕೊಳೆತಾಗ ಅವನ ಮಂದಿ ಹೊಂಡದಲ್ಲಿ ಸುಣ್ಣ ಕಲಸಿ, ಮಂದೆಯನ್ನು ಅದರಲ್ಲಿ ನಡೆಸುತ್ತಿದ್ದರು. ಸುಣ್ಣ ಖಾರವಾದಷ್ಟೂ ಗೊರಸು ಬೇಗ ವಾಸಿ. ಕರಿಯಮ್ಮನನ್ನು ನುಂಗಿದ ರೋಗಕ್ಕೆ ಒಂದು ಹಿಡಿ ಯಾವ ಲೆಕ್ಕ? ಡಬ್ಬಿಯನ್ನು ಬೋರಲು ಹಾಕಿದ. ಸಾಲದೆಂದು ಸುಣ್ಣದ ಗೂಡಿನಿಂದ ತಂದಿದ್ದ ಸುಟ್ಟ ಹೆಂಟೆಗಳನ್ನೂ ಬುಟ್ಟಿಯೊಡನೆ ಎಸೆದ. ನೀರು ಬುಸುಗುಟ್ಟಿತು. ಬಿಳಿಯ ಹಬೆ ಎದ್ದಿತು. ಕಪ್ಪೆಗಳು ಹೊಟ್ಟೆ ಮೇಲಾಗಿ ತೇಲಿದವು. ಅವನಿಗೆ ಸಮಾಧಾನವಾಯಿತು: ಕಪ್ಪೆಯನ್ನು ಕೊಂದದ್ದು ರೋಗವನ್ನು ಬಿಟ್ಟೀತೇ?

ಮರುದಿನ ಬೆಳಿಗ್ಗೆ ಕರಿಬಸಿ ವಾಂತಿ ಮಾಡಿದಳು. ಅವನು ಗುಟುಕು ಗುಟುಕಾಗಿ ಮಡಕೆಯ ನೀರು ಕುಡಿಸುತ್ತಿದ್ದಾಗ ಹೊರಗೆ ಕುರಿಗಳ ಸದ್ದು. ಎಮ್ಮೆದೊಡ್ಡಿಯ ಕಡೆ ಮಂದೆ ಮೇಯಿಸಲು ಹೋಗಿದ್ದ ಅಣ್ಣ, ಉಣ್ಣೆ ಕತ್ತರಿಸುವವರೊಡನೆ ಬಾವಿಯ ಬಳಿ ಬಂದಿದ್ದ. ಸಣ್ಣಬೀರಪ್ಪ ದೊಣ್ಣೆ ಹಿಡಿದು ಓಡಿ ಮೆಟ್ಟಿಲಿಗೆ ಅಡ್ಡ ನಿಂತ.

“ದಾರಿ ಬಿಡ್ಲಾ.”

“ಇವತ್ತು ಬೇಡಣ್ಣ. ನೀರಿಗೆ ಔಷಧಿ ಹಾಕಿದೀನಿ.”

“ಒಳ್ಳೇದೇ ಆಯ್ತು ಬಿಡು. ಕುರಿ ಮೈಯಾಗಿನ ಹೇನೂ ಸಾಯ್ತವೆ.”

ನೀರು ಸುಡುತ್ತದೆ ಎಂದಿದ್ದರೆ ಸಾಕಿತ್ತು. ಆದರೆ ಸಣ್ಣಬೀರಪ್ಪನ ತಲೆಯಲ್ಲಿ ಒಳಗೆ ಮಲಗಿದ್ದ ಮಗಳೊಬ್ಬಳೇ ಇದ್ದಳು. “ನಿನ್ನ ಕುರಿ ಗಲೀಜು ನನ್ನ ಮಗಳು ಕುಡೀಬೇಕಾ?” ಎಂದುಬಿಟ್ಟ.

“ಅದೇ ಗಲೀಜು ಕುಡ್ದೇ ಅಲ್ವೇನ್ಲಾ ನಿಂಗೆ ಮೀಸೆ ಬಂದಿದ್ದು?”

ಕತ್ತರಿಯವರು ನಕ್ಕರು. ಆ ನಗುವಿಗೆ ಸಣ್ಣಬೀರಪ್ಪನ ದೊಣ್ಣೆ ಮೇಲೆದ್ದು ಅಣ್ಣನ ಭುಜಕ್ಕೆ ಬಿತ್ತು. ಕರಿಸಿದ್ದಪ್ಪ ತಿರುಗಿಸಿ ಬಾರಿಸಿದ. ತಮ್ಮನ ಕಿವಿ ಹರಿಯಿತು. ಇಬ್ಬರೂ ಅಪ್ಪಿಕೊಂಡು ಕಲ್ಲಿನ ಮೇಲೆ ಉರುಳಿದರು, ಒಬ್ಬರ ಮುಖ ಒಬ್ಬರು ಗುದ್ದಿದರು. ಕೊನೆಗೆ ಅಣ್ಣ ಅವನ ಹೊಟ್ಟೆಗೆ ಮೊಣಕಾಲು ಕೊಟ್ಟು ಎದ್ದು, ಬಾಯಿಯ ರಕ್ತ ಉಗುಳಿ, ಎಂದಿನಂತೆ ತಲೆ ಕೆಳಗಾಗಿ ಬಾವಿಗೆ ಹಾರಿದ. ನೀರಿನೊಳಗೆ ಕಣ್ಣು ತೆರೆದು ಮುಳುಗುವುದು ಅವನ ರೂಢಿ.

ಒಡೆಯ ಇಳಿದದ್ದೇ ತಡ, ಅಭ್ಯಾಸವಿದ್ದ ಹಿರಿಯ ಟಗರು ಮೆಟ್ಟಿಲಿಳಿಯಿತು. ಅದರ ಹಿಂದೆ ಮಂದೆ. ನೀರಿಗೆ ಬಿದ್ದ ಕುರಿಗಳು ಉರಿ ತಾಳದೆ ಹಿಂದಕ್ಕೆ ತಿರುಗಿದರೆ, ಮೇಲಿನಿಂದ ಬರುತ್ತಿದ್ದ ಕುರಿಗಳು ಅವನ್ನೇ ಒಳಗೆ ನೂಕಿದವು. ಕೊಂಬು ಕೊಂಬಿಗೆ ಬಡಿಯಿತು. ಮರಿಗಳು ಕಾಲಡಿ ಸಿಕ್ಕಿ ಅರಚಿದವು. ನಡುವೆ ಕರಿಸಿದ್ದಪ್ಪನ ತಲೆ ಒಮ್ಮೆ ಮೇಲೆದ್ದಿತು. ಬಾಯಿಂದ ಬಂದ ಕೂಗು ಮನುಷ್ಯನದಾಗಿರಲಿಲ್ಲ. ಒಂದು ಕುರಿ ಅವನ ಕತ್ತಿನ ಮೇಲೆ ಹತ್ತಿತು, ತಲೆ ಮತ್ತೆ ಮುಳುಗಿತು.

ಸಣ್ಣಬೀರಪ್ಪ ಕಣ್ಣು ಬಿಗಿಯಾಗಿ ಮುಚ್ಚಿ ಹಾರಿದ. ಹರಿದ ಕಿವಿಗೆ ನೀರು ಕೆಂಡದಂತೆ ಹತ್ತಿತು. ತಡಕಾಡಿ ಅಣ್ಣನ ಜುಟ್ಟು ಹಿಡಿದ. ದಾರಿಗೆ ಅಡ್ಡವಾದ ಟಗರಿನ ಮುಸುಡಿಗೆ ಗುದ್ದಿ, ಮರಿಯೊಂದನ್ನು ತುಳಿದುಕೊಂಡೇ ಅಣ್ಣನನ್ನು ಮೇಲೆಳೆದ. ತನ್ನ ಕಾಲಡಿ ಅದರ ಎಲುಬು ಮುರಿದದ್ದು ಅವನಿಗೆ ತಿಳಿಯಿತು.

ಕೂಗು ಕೇಳಿ ಬಂದ ಅತ್ತಿಗೆ ಯಲ್ಲಮ್ಮ, ಗಂಡನ ಕಣ್ಣು ತೊಳೆಯಲೆಂದು ಬಿಂದಿಗೆ ಹಿಡಿದು ಬಾವಿಗೆ ಓಡಿದಳು.

“ಆ ನೀರು ಬೇಡ ಅತ್ತಿಗೆ. ಸುಟ್ಟಿರೋದೇ ಅದು.”

“ಮತ್ತೆ ಯಾವ ನೀರು ತರಾನ ಕಣಯ್ಯ? ಕೆರೇದಾ?”

ಅವನು ಗುಡಿಸಲಿಗೆ ಹೋಗಿ ಮಡಕೆ ಎತ್ತಿದ. ಕರಿಬಸಿ ಒಣಗಿದ ತುಟಿ ಅಲ್ಲಾಡಿಸಿ, “ಅಪ್ಪಾ, ನೀರು,” ಅಂದಳು. ಅವನ ಕಾಲು ಹೊಸ್ತಿಲಲ್ಲಿ ತಡೆಯಿತು. ಒಂದು ಲೋಟ ತುಂಬಿ ಅವಳ ಬಳಿಯಿಟ್ಟು, ಉಳಿದದ್ದನ್ನು ಹೊತ್ತುಕೊಂಡು ಹೊರಬಂದ.

ಕತ್ತರಿಯವರು ಕರಿಸಿದ್ದಪ್ಪನ ಕೈಕಾಲು ಅದುಮಿ ಹಿಡಿದರು. ಸಣ್ಣಬೀರಪ್ಪ ಎದೆಯ ಮೇಲೆ ಕುಳಿತು, ರೆಪ್ಪೆಗಳನ್ನು ಬಲವಂತವಾಗಿ ಬಿಡಿಸಿ ಸಣ್ಣ ಧಾರೆಯಾಗಿ ನೀರು ಬಿಟ್ಟ. ನೋವಿಗೆ ಹೊರಳಾಡಿದ ಅಣ್ಣ, ಬಾಯಿಗೆ ಸಿಕ್ಕ ತಮ್ಮನ ಅಂಗೈಯನ್ನು ಕಚ್ಚಿ ಹಿಡಿದ. ಹಲ್ಲು ಇಳಿಯಿತು. ಸಣ್ಣಬೀರಪ್ಪ ಕೈ ಕಿತ್ತುಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲಿ ಮಡಕೆ ಬಗ್ಗಿಸುತ್ತಲೇ ಇದ್ದ, ತಳ ಕಾಣುವವರೆಗೆ.

ಆಮೇಲೆ ಮಗಳಿಗೆ ಕುಡಿಸಲು ಎಳನೀರಿಗಾಗಿ, ಕಚ್ಚಿಸಿಕೊಂಡ ಆ ಕೈಯಲ್ಲೇ ಪಕ್ಕದ ಚನ್ನಬಸಪ್ಪನ ತೋಟದ ತೆಂಗಿನ ಮರ ಏರಿದ. ಕಾಂಡದುದ್ದಕ್ಕೂ ರಕ್ತ ಮೆತ್ತಿತು. ಎಳನೀರಿನ ಗೊನೆ ಕೆಳಗೆ ಬಿದ್ದ ಸದ್ದಿಗೆ ಚನ್ನಬಸಪ್ಪ ಬೈಯುತ್ತ ಬಂದವನು, ಮೇಲಿದ್ದವನ ಕೈ ಕಂಡು ತಾನೇ ಮಚ್ಚು ತಂದು ಕಾಯಿ ಕೆತ್ತಿಕೊಟ್ಟ.

ಕರಿಬಸಿ ಕುಡಿದದ್ದನ್ನು ಕಕ್ಕಿದಳು, ಮತ್ತೆ ಕುಡಿದಳು. ಕಣ್ಣಿಗೆ ಬಟ್ಟೆ ಸುತ್ತಿಕೊಂಡು ಗೋಡೆಯಾಚೆ ಬಿದ್ದಿದ್ದ ಕರಿಸಿದ್ದಪ್ಪ ಕೇಳಿದ, “ಮಗು ಕುಡೀತಾ?”

“ಕುಡೀತು ಅಣ್ಣ. ಹೊಟ್ಟೇಲಿ ನಿಂತೈತೆ.”

“ಇನ್ನೊಂದು ಕುಡ್ಸು. ಕಣ್ಣು ಕಾಣಿಸ್ಲಿ, ನಿನ್ನ ಮೂಳೆ ಮುರೀತೀನಿ.”

ಕರಿಬಸಿ ಉಳಿದಳು. ಕರಿಸಿದ್ದಪ್ಪನ ಎಡಗಣ್ಣು ಹಾಲುಗಟ್ಟಿ ಹೋಯಿತು. ಬಲಗಣ್ಣಿಗೆ ಬೆಳಕು ಬಂದ ದಿನ ಅವನು ದೊಣ್ಣೆ ಹಿಡಿದು ನೇರ ತಮ್ಮನ ಬಳಿಗೆ ನಡೆದ. ಅವನನ್ನು ಕಂಡು ಸಣ್ಣಬೀರಪ್ಪ ಕಂಬಳಿ ತೆಗೆದಿಟ್ಟು ಬೆನ್ನು ತಿರುಗಿಸಿ ನಿಂತ. “ತಲೆಗೆ ಮಾತ್ರ ಬೇಡಣ್ಣ. ಮಗೀಗೆ ಗಂಜಿ ಕಾಯಿಸ್ಬೇಕು.”

ಕರಿಸಿದ್ದಪ್ಪ ಬೆನ್ನಿಗೆ, ತೊಡೆಗೆ, ಭುಜಕ್ಕೆ ದೊಣ್ಣೆ ಸೀಳುವವರೆಗೂ ಹೊಡೆದ. ಯಾವ ಏಟಿಗೂ ಸಣ್ಣಬೀರಪ್ಪನ ಕೈ ಮೇಲೇಳಲಿಲ್ಲ. ಹೊಡೆದು ಸುಸ್ತಾದವನು ನೆಲದ ಮೇಲೆ ಕುಳಿತು ಬಹಳ ಹೊತ್ತು ಏದುಸಿರು ಬಿಟ್ಟ. ಆಮೇಲೆ ಕೈ ಚಾಚಿದ.

“ಎಬ್ಸು. ಎಡಗಡೆ ಹಳ್ಳ ಐತೋ, ಕಲ್ಲೈತೋ ಕಾಣಾಕಿಲ್ಲ ನಂಗೆ.”

ಸಣ್ಣಬೀರಪ್ಪ ಅವನ ಎಡಬದಿಗೆ ಹೋಗಿ, ಬಾಸುಂಡೆ ಎದ್ದ ಭುಜವನ್ನು ಕೊಟ್ಟ.