ಹದಿನೇಳನೇ ಬಿಲ್ಲೆ

ಇದು ನಡೆದದ್ದೇ. ಸುಳ್ಳು ಕಟ್ಟುವುದಾಗಿದ್ದರೆ ನಾನು ದೊಡ್ಡ ಧೈರ್ಯವಂತೆ ಅನ್ನಿಸುವ ಹಾಗೆ ಕಟ್ಟುತ್ತಿದ್ದೆ. ಇದರಲ್ಲಿ ನನ್ನ ಮಾನ ಹೋಗುವ ಸಂಗತಿ ಇದೆ, ಆದರೂ ಹೇಳುತ್ತಿದ್ದೇನೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ನನ್ನದು ರಾಣೆಬೆನ್ನೂರು. ಆಗ ಹಾವೇರಿ ಬಸ್ ನಿಲ್ದಾಣದ ಹಿಂದೆ ಹುಡುಗ ಹುಡುಗಿಯರಿಗೆ ಜಾವಾ ಕಲಿಸುತ್ತಿದ್ದೆ. ಮೊಬೈಲಿನಲ್ಲಿ ಟಾರ್ಚ್ ಇದ್ದರೆ ಅದೇ ದೊಡ್ಡಸ್ತಿಕೆ ಎನ್ನುವ ಕಾಲ. ನನ್ನ ನಾಲಿಗೆ ಸ್ವಲ್ಪ ಚುರುಕು. ತಪ್ಪು ಮಾಡಿದ ಹುಡುಗರಿಗೆ ಬೈದು ಬೆವರಿಳಿಸುತ್ತಿದ್ದೆ. ದೆವ್ವ ಗಿವ್ವ ಅಂದವರನ್ನು ಕಂಡರೆ ನಗುತ್ತಿದ್ದೆ.

ಬ್ಯಾಡಗಿಯ ಹೊರಗೆ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಇತ್ತು. ಹೆಸರು ಬೇಡ. ಬಾಗಿಲು ದಾಟಿದರೆ ಆಳೆತ್ತರದ ಮೂರು ಪಟ್ಟು ಚೀಲಗಳ ರಾಶಿ, ಕತ್ತಲೆ, ಮೂಳೆಗೆ ಇಳಿಯುವ ಚಳಿ. ಹರಿದ ಚೀಲಗಳನ್ನು ಹೊಲಿಯಲು ಹೆಂಗಸರು ದಬ್ಬಣ, ಸುತಳಿ ಹಿಡಿದು ಒಳಗೆ ಹೋಗುತ್ತಿದ್ದರು.

ಅಲ್ಲೊಂದು ಪದ್ಧತಿ ಇತ್ತು. ಒಳಗೆ ಹೋಗುವವರು ಗೋಡೆಯ ಹಲಗೆಯಿಂದ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದು ಕೊರಳಿಗೆ ಹಾಕಿಕೊಳ್ಳಬೇಕು. ಹೊರಗೆ ಬಂದ ಮೇಲೆ ಅದೇ ಮೊಳೆಗೆ ತೂಗುಹಾಕಬೇಕು. ಒಂದು ಮೊಳೆ ಖಾಲಿ ಇದ್ದರೂ ಕಾವಲುಗಾರ ರಾಜೇಸಾಬ್ ಬಾಗಿಲಿಗೆ ಕೀಲಿ ಹಾಕುತ್ತಿರಲಿಲ್ಲ. ಕೀಲಿ ಬಿದ್ದ ಮೇಲೆ ಒಳಗೆ ಉಳಿದವರು ಬೆಳಗಿನ ತನಕ ಬದುಕುವುದು ಕಷ್ಟ.

ಆ ಹಲಗೆಯನ್ನು ತೆಗೆಸಿದವಳು ನಾನು. ಕಂಪ್ಯೂಟರ್ ಇರುವಾಗ ಮೊಳೆ ಯಾಕೆ ಎಂದು ಸಾಹುಕಾರರಿಗೆ ಹೇಳಿ ಒಪ್ಪಿಸಿದ್ದೆ. ಯಾರು ಒಳಗಿದ್ದಾರೆ ಎಂದು ತೋರಿಸುವ ಒಂದು ಪುಟ ಮಾಡಿದ್ದೆ. ಹೋಗುವಾಗ 'ಒಳಗೆ', ಬರುವಾಗ 'ಹೊರಗೆ', ಗುಂಡಿ ಒತ್ತಿದರೆ ಮುಗಿಯಿತು. ಪಟ್ಟಿ ಖಾಲಿಯಾದರೆ ಕೀಲಿ ಹಾಕಬಹುದು.

ಮೊದಲ ದಿನ ಬಾಗಿಲ ಪಕ್ಕದ ಆಫೀಸಿನ ಕಿಟಕಿಯಲ್ಲಿ ನಾನೇ ಕೂತೆ. ಒಂದು ಕಿಂಡಿಯಲ್ಲಿ ಒಳಗೆ ಹೋಗುವವರು, ಇನ್ನೊಂದರಲ್ಲಿ ಹೊರಗೆ ಬರುವವರು, ಹೀಗೆ ಪರದೆಯ ಮೇಲೆ ಎರಡು ಕಿಂಡಿ ತೆರೆದಿಟ್ಟುಕೊಂಡು ಸಂಜೆತನಕ ಒತ್ತಿದೆ. ಏಳು ಗಂಟೆಗೆ ಪಟ್ಟಿ ಖಾಲಿಯಾಯಿತು. ರಾಜೇಸಾಬ್ ಗೋಡೆ ಮೇಲಿನ ಬರಿಯ ಜಾಗವನ್ನು ಒಮ್ಮೆ ನೋಡಿದ, ನನ್ನನ್ನು ನೋಡಿದ.

"ಹಾಕ್ಲ್ಯಾ ಅಕ್ಕಾರ?"

"ಹಾಕ್ರಿ. ಯಾರೂ ಇಲ್ಲ."

ಆತ ಕೀಲಿ ಹಾಕಿದ.

ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಸಾಹುಕಾರರು ನಾಲ್ಕು ಜನರನ್ನು ಕರೆತಂದು ತೋರಿಸುವವರಿದ್ದರು, ಸಣ್ಣಪುಟ್ಟ ಕೆಲಸ ಬಾಕಿ ಇತ್ತು. ಆವರಣದಲ್ಲೇ ರಾಜೇಸಾಬನ ಮನೆ, ಆತನ ಹೆಂಡತಿ ಖೈರೂನಬಿ ರೊಟ್ಟಿ ಪಲ್ಯ ತಂದುಕೊಟ್ಟು, ಮಲಗಲು ನಮ್ಮಲ್ಲಿಗೇ ಬರ್ರಿ ಎಂದು ಹೇಳಿ ಹೋದಳು.

ಹತ್ತು ಗಂಟೆ ಇರಬಹುದು. ಕೈ ಒರೆಸಿಕೊಂಡು ಪರದೆ ನೋಡಿದರೆ... ಪಟ್ಟಿಯಲ್ಲಿ ಒಂದು ಸಾಲು.

17. ಹೊನ್ನವ್ವ. ಒಳಗೆ. 6:40.

ಎಲಾ ಇದರ, ಎಂದುಕೊಂಡೆ. ಹೆದರಲಿಲ್ಲ. ಇದು ನಾನು ಕ್ಲಾಸಿನಲ್ಲಿ ದಿನಾ ಬೈಯುವ ತಪ್ಪು. ನಾನು ಬಳಸಿದ ಜಾವಾ ಫ್ರೇಮ್‌ವರ್ಕಿನಲ್ಲಿ ಪುಟವೆಂದರೆ ತುಂಡು ತುಂಡು ಸೇರಿಸಿದ ಕೌದಿ ಇದ್ದ ಹಾಗೆ. ಪ್ರತಿ ಸಾಲೂ ಒಂದು ತುಂಡು. ಆ ತುಂಡಿನ ಕೈಗೆ ಮಾಹಿತಿಯನ್ನೇ ಕೊಟ್ಟುಬಿಟ್ಟರೆ ಅದು ಹಳೆಯದನ್ನೇ ಹಿಡಿದುಕೊಂಡು ಕೂರುತ್ತದೆ. ಪ್ರತಿ ಸಲವೂ ಡೇಟಾಬೇಸನ್ನು ಕೇಳಿ ಬಾ ಎಂದು ಬರೆಯಬೇಕು. "ಫೋಟೋ ನೋಡಿ ಹೇಳಬ್ಯಾಡ್ರೋ, ಮುಖ ನೋಡಿ ಹೇಳ್ರಿ" ಎಂದು ಹುಡುಗರಿಗೆ ಹೇಳುತ್ತಿದ್ದವಳು ನಾನೇ ಆ ತಪ್ಪು ಮಾಡಿದ್ದೆನಲ್ಲ ಎಂದು ಸಿಟ್ಟು ಬಂತು. ಸರಿಪಡಿಸಿದೆ. ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಹಳೆಯದು ಯಾವುದೂ ಉಳಿಯಬಾರದು.

ಸಾಲು ಹಾಗೇ ಇತ್ತು.

ಡೇಟಾಬೇಸ್ ತೆಗೆದು ನೋಡಿದೆ. ಒಳಗಿರುವವರು ಯಾರೂ ಇಲ್ಲ. ಹೊನ್ನವ್ವ ಎಂಬ ಹೆಸರೇ ಇಲ್ಲ. ಆಳುಗಳ ಪಟ್ಟಿಯಲ್ಲಿ ಹದಿನಾರು ಆದ ಮೇಲೆ ಹದಿನೆಂಟು. ಆ ಪಟ್ಟಿಯನ್ನು ಹಳೆಯ ಪುಸ್ತಕ ನೋಡಿ ಟೈಪ್ ಮಾಡಿದವಳು ನಾನೇ. ನಡುವೆ ಒಂದು ನಂಬರ್ ಇಲ್ಲದ್ದನ್ನು ನೋಡಿದ್ದೆ, ಯಾಕೆ ಎಂದು ಕೇಳುವ ಗೋಜಿಗೆ ಹೋಗಿರಲಿಲ್ಲ.

ಇಲ್ಲದ ಹೆಸರು ಪರದೆಗೆ ಎಲ್ಲಿಂದ ಬರಬೇಕು?

ಕಿಟಕಿಯಿಂದ ರಾಜೇಸಾಬನನ್ನು ಕರೆದು, ಹದಿನೇಳು ಯಾರದು ಎಂದು ಕೇಳಿದೆ. ಬೀಡಿ ಸೇದುತ್ತಿದ್ದವನು ಅದನ್ನು ಕೆಳಗೆ ಹಾಕಿ ತುಳಿದ.

"ಆ ನಂಬರ ಯಾರಿಗೂ ಕೊಡಂಗಿಲ್ರಿ" ಎಂದ.

ನಾನು ಬಿಡಲಿಲ್ಲ. ಆತ ದನಿ ಇಳಿಸಿ ಹೇಳಿದ. ಹೊನ್ನವ್ವ ಚೀಲ ಹೊಲಿಯುವ ಮುದುಕಿ. ಎಷ್ಟೋ ವರ್ಷದ ಕೆಳಗೆ, ಇನ್ನೂ ಹಲಗೆ ಬಿಲ್ಲೆ ಇಲ್ಲದಾಗ, ಪುಸ್ತಕ ನೋಡಿ ಎಲ್ಲರೂ ಬಂದರೆಂದು ಕೀಲಿ ಹಾಕಿದ್ದರು. ಬೆಳಿಗ್ಗೆ ತೆಗೆದರೆ ಬಾಗಿಲ ಹಿಂದೆಯೇ ಕೂತಿದ್ದಳು, ಕೈಯಲ್ಲಿ ದಬ್ಬಣ. ಆಮೇಲೆಯೇ ಮೊಳೆ ಹೊಡೆದದ್ದು.

"ಕೀಲಿ ಹಾಕಿದಾಂವ ನಾನ ಅಕ್ಕಾರ" ಎಂದ.

ನನ್ನ ಸ್ವಭಾವ ಹೇಗೆಂದರೆ, ಹೆದರಿಕೆಯಾದರೆ ಸಿಟ್ಟು ಬರುತ್ತದೆ. ಆತ ಕೀಲಿಕೈ ತೆಗೆದು ಬಾಗಿಲು ತೆಗೆದು ನೋಡೋಣವೇ ಎಂದರೆ, ಕಂಪ್ಯೂಟರಿನ ತಪ್ಪಿಗೆ ಅರ್ಧ ರಾತ್ರಿ ಬಾಗಿಲು ತೆಗೆಯುತ್ತಾರೇನು ಎಂದು ಗದರಿಸಿದೆ. ಕೂತು ಒಂದು ಸಾಲು ಬರೆದೆ. ಹದಿನೇಳು ಬಂದರೆ ತೋರಿಸಬೇಡ... ಅಷ್ಟೇ. ರೋಗ ಬಿಟ್ಟು ಗಾಯಕ್ಕೆ ಬಟ್ಟೆ ಮುಚ್ಚುವ ಕೆಲಸ. ನನ್ನ ಹುಡುಗರು ಮಾಡಿದ್ದರೆ ಕ್ಲಾಸಿನಿಂದ ಹೊರಗೆ ಹಾಕುತ್ತಿದ್ದೆ.

ಪುಟ ಖಾಲಿಯಾಯಿತು. ಬ್ಯಾಗ್ ಹೆಗಲಿಗೆ ಹಾಕಿಕೊಂಡೆ.

ಆಗಲೇ ಒಳಗೆ ತಂಪು ಮಾಡುವ ಯಂತ್ರ ನಿಂತಿತು. ನಡುನಡುವೆ ಅದು ತಾನಾಗಿಯೇ ನಿಲ್ಲುತ್ತದೆ, ಅದು ವಿಶೇಷವಲ್ಲ. ಆದರೆ ಆ ನಿಶ್ಶಬ್ದದಲ್ಲಿ ಬಾಗಿಲ ಆಚೆಯಿಂದ ಒಂದು ಸದ್ದು...

ಸರ್‍ರ್... ಸರ್‍ರ್...

ಗೋಣಿಚೀಲದೊಳಗಿಂದ ಸುತಳಿ ಎಳೆಯುವ ಸದ್ದು. ಬೆಳಗಿನಿಂದ ಕೇಳಿದ್ದೆ, ತಪ್ಪುವ ಮಾತೇ ಇಲ್ಲ. ಜೊತೆಗೆ ಹಸಿ ಗೋಣಿಯ ವಾಸನೆ, ಗಂಟಲು ಕೆರೆಯುವ ಮೆಣಸಿನ ಘಾಟು. ಮುಚ್ಚಿದ ಬಾಗಿಲಿನಿಂದ ಆ ಘಾಟು ಹೇಗೆ ಬಂತೋ ಗೊತ್ತಿಲ್ಲ.

"ಕೇಳಾಕತ್ತೈತೇನ್ರಿ?" ರಾಜೇಸಾಬ್ ಪಿಸುಗುಟ್ಟಿದ.

ನಾನು ತಿರುಗಿ ಪರದೆ ನೋಡಿದೆ. ಯಾರೂ ಮುಟ್ಟಿರಲಿಲ್ಲ. ನಾನು ಮುಚ್ಚಿದ ಸಾಲು ಮತ್ತೆ ಬಂದಿತ್ತು. 17. ಹೊನ್ನವ್ವ. ಒಳಗೆ. 6:40.

ಆರು ನಲವತ್ತು... ಆಗ ಏನಾಗಿತ್ತು? ನೆನಪಾಯಿತು. ಗಿರಿಜವ್ವ ಎನ್ನುವವಳು ಹೊರಗೆ ಬಂದಾಗ ನಾನು ಅವಳ ಹೆಸರಿನ ಮುಂದೆ ಎರಡು ಸಲ ಒತ್ತಬೇಕಾಗಿತ್ತು. ಮೊದಲನೆಯದು ಹತ್ತಲಿಲ್ಲವೆಂದು ಗೊಣಗಿಕೊಂಡು ಮತ್ತೊಮ್ಮೆ ಒತ್ತಿದ್ದೆ.

ನಿಂತಲ್ಲೇ ಬಗ್ಗಿ ನಾನು ಬರೆದದ್ದನ್ನು ಓದಿದೆ. 'ಹೊರಗೆ' ಗುಂಡಿ ಒತ್ತಿದರೆ ನನ್ನ ಪ್ರೋಗ್ರಾಮ್ ಹೆಸರು ನೋಡುತ್ತಿರಲಿಲ್ಲ, ಎಷ್ಟನೆಯ ಸಾಲು ಎಂದಷ್ಟೇ ನೋಡುತ್ತಿತ್ತು. ಹೊರಗೆ ಬರುವವರ ಕಿಂಡಿಯ ಹಳೆಯ ಪಟ್ಟಿಯಲ್ಲಿ ಗಿರಿಜವ್ವ ಮೂರನೆಯವಳು. ಅಷ್ಟರಲ್ಲಿ ಇನ್ನೊಂದು ಕಿಂಡಿಯಲ್ಲಿ ನಾನೇ ಐದನೇ ನಂಬರಿನವಳನ್ನು ಒಳಗೆ ಕಳಿಸಿದ್ದೆ, ಸಣ್ಣ ನಂಬರಿನ ಅವಳು ಪಟ್ಟಿಯ ತಲೆಗೆ ಸೇರಿ ಉಳಿದವರೆಲ್ಲ ಒಂದು ಸಾಲು ಕೆಳಗೆ ಸರಿದಿದ್ದರು. ಈಗ ಮೂರನೆಯವಳು ಶಾಂತಾ ಎನ್ನುವ ಇನ್ನೊಬ್ಬ ಹೆಣ್ಣಾಳು. ನನ್ನ ಮೊದಲ ಒತ್ತು ಹತ್ತಿತ್ತು. ಹೊರಗೆ ಬರದ ಶಾಂತಾಳನ್ನು ಹೊರಗೆ ಹಾಕಿತ್ತು.

"ರಾಜೇಸಾಬ್, ಶಾಂತಾ ಹೋಗಿದ್ದು ನೀವು ನೋಡೀರೇನು?"

ಆತ ಆಗಲೇ ಬಾಗಿಲಿನತ್ತ ಓಡುತ್ತಿದ್ದ.

ಶಾಂತಾ ಇದ್ದಳು. ರಾಶಿಗಳ ಮೂರನೇ ಸಾಲಿನ ಹಿಂದೆ, ಜಾರಿಬಿದ್ದ ಎರಡು ಚೀಲ ಕಾಲ ಮೇಲೆ. ಇಪ್ಪತ್ತೊಂದು ಇಪ್ಪತ್ತೆರಡರ ಹೆಣ್ಣುಮಗಳು, ತುಟಿ ನೀಲಿಗಟ್ಟಿತ್ತು. ತಡವಾದರೆ ಬ್ಯಾಡಗಿಯ ಅಕ್ಕನ ಮನೆಯಲ್ಲಿ ಉಳಿಯುವುದು ಅವಳಿಗೆ ರೂಢಿ, ಹಾಗಾಗಿ ಮನೆಯವರೂ ಹುಡುಕಿರಲಿಲ್ಲ. ಮೈಮೇಲೆ ಏನೋ ಹೊದ್ದಿದ್ದಳು. ಟಾರ್ಚ್ ಹಿಡಿದೆ. ನಾಲ್ಕು ಖಾಲಿ ಚೀಲಗಳನ್ನು ಅಂಚಿಗೆ ಅಂಚು ಸೇರಿಸಿ, ಒತ್ತೊತ್ತಾಗಿ ಹೊಲಿದಿತ್ತು, ಕೌದಿಯ ಹಾಗೆ.

ಅವಳೇ ಹೊಲಿದಿರಬೇಕು ಅಂದುಕೊಂಡೆ. ಆಗ ಅವಳ ಕೈ ಕಂಡಿತು, ಬೆರಳು ಸೆಟೆದು ಮಡಚಲೂ ಬರುತ್ತಿರಲಿಲ್ಲ. ಅವಳ ದಬ್ಬಣ ಚೀಲಗಳ ಕೆಳಗೆ ಸಿಕ್ಕಿಕೊಂಡಿತ್ತು.

ಇಬ್ಬರೂ ಎತ್ತಿಕೊಂಡು ಹೊರಗೆ ಬಂದೆವು. ರಾಜೇಸಾಬ್ ಮತ್ತೆ ಕೀಲಿ ಹಾಕಿದ. ಯಾಕೆ ಹಾಕಿದಿರಿ ಎಂದು ಆಮೇಲೆ ಕೇಳಿದರೆ, ರೂಢಿ ಎಂದ. ಖೈರೂನಬಿ ಒಲೆ ಹೊತ್ತಿಸಿ ಕಾಲು ತಿಕ್ಕಿದಳು, ಆಸ್ಪತ್ರೆಗೆ ಒಯ್ಯಲು ಟಂಟಂ ಆಟೋದವನಿಗೆ ಫೋನ್ ಮಾಡಿದೆವು. ನಾನು ಶಾಂತಾಳ ತಲೆ ಹಿಡಿದು ಅಳುತ್ತಾ ಕೂತಿದ್ದೆ, ತಪ್ಪಾಯಿತು ತಪ್ಪಾಯಿತು ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ಯಾರನ್ನೋ ಹುಡುಕುವ ಹಾಗೆ.

"ಮುದುಕಿ ಆಯಿ ಎಲ್ಲಿ?" ಎಂದಳು. "ಆಕಿನ್ನ ಯಾಕ ಬಿಟ್ಟು ಬಂದ್ರಿ?"

ರಾಜೇಸಾಬನ ಸೊಂಟದಲ್ಲಿ ಕೀಲಿಕೈ ಇತ್ತು. ನಮ್ಮಿಬ್ಬರಿಗೂ ಮತ್ತೆ ಆ ಬಾಗಿಲ ಹತ್ತಿರ ಹೋಗುವ ಎದೆ ಬರಲಿಲ್ಲ.

ಟಂಟಂ ಬರುವ ಮೊದಲು ಕಂಪ್ಯೂಟರ್ ಆರಿಸಲೆಂದು ನಾನೊಬ್ಬಳೇ ಆಫೀಸಿಗೆ ಹೋದೆ. ಸಾಲು ಅಲ್ಲೇ ಇತ್ತು. 17. ಹೊನ್ನವ್ವ. ಒಳಗೆ. ಪಕ್ಕದಲ್ಲಿ, ಎಲ್ಲರಿಗೂ ಇಟ್ಟ ಹಾಗೆ, ನಾನೇ ಇಟ್ಟ ಗುಂಡಿ... 'ಹೊರಗೆ'.

ಮೌಸ್ ಮೇಲೆ ಕೈ ಇಟ್ಟೆ. ಒತ್ತಿದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಗೋಡೆಯ ಸ್ವಿಚ್ಚನ್ನೇ ಆರಿಸಿ ಓಡಿಬಂದೆ.

ಶಾಂತಾ ಬದುಕಿದಳು. ಬೆಳಿಗ್ಗೆ ಸಾಹುಕಾರರ ಮುಂದೆ ತಪ್ಪು ನನ್ನದೆಂದು ಒಪ್ಪಿಕೊಂಡೆ, ಹಲಗೆಯನ್ನು ನಾನೇ ಹೊತ್ತು ತಂದು ಗೋಡೆಗೆ ಹಾಕಿಸಿದೆ, ಹದಿನಾರು ಹದಿನೆಂಟರ ನಡುವೆ ಹದಿನೇಳನೇ ಬಿಲ್ಲೆಗೆಂದು ಒಂದು ಹೊಸ ಮೊಳೆ ಹೊಡೆಸಿದೆ. ಆ ಸಾಲು ಮತ್ತೆ ಯಾವತ್ತೂ ಪರದೆಗೆ ಬರಲಿಲ್ಲ. ಎಲ್ಲ ಹುಡುಕಿದೆ, ಎಲ್ಲಿಂದ ಬಂತೆಂದು ಇವತ್ತಿಗೂ ತಿಳಿದಿಲ್ಲ.

ಈಗಲೂ ಕ್ಲಾಸಿನಲ್ಲಿ ಈ ತಪ್ಪನ್ನು ಹೇಳಿಕೊಡುತ್ತೇನೆ, ಬೈಯುವುದು ಬಿಟ್ಟಿದ್ದೇನೆ. ನಾನು ಹೊನ್ನವ್ವನ ಹೆಸರು ಅಳಿಸಲು ನೋಡಿದೆ, ಅವಳು ನನ್ನ ಕೈಯಿಂದ ಒಂದು ಜೀವ ಉಳಿಸಿದಳು. ಅವಳ ಲೆಕ್ಕದಲ್ಲಿ ನಾನು ಮಾಡಬೇಕಾಗಿದ್ದುದು ಒಂದೇ ಕೆಲಸ, ಒಂದು ಗುಂಡಿ ಒತ್ತುವುದು. ಅದನ್ನು ನಾನು ಮಾಡಲಿಲ್ಲ.