ಐದೂವರೆ ಗಂಟೆ ಹಿಂದಿನ ವಾಚು

ಅಕ್ಕನ ಎಡಗೈಯಲ್ಲಿ ಎರಡು ವಾಚು. ಒಂದರಲ್ಲಿ ನಮ್ಮ ಸಮಯ, ಇನ್ನೊಂದರಲ್ಲಿ ಐದೂವರೆ ಗಂಟೆ ಹಿಂದಿರುವ ಗ್ರೀನ್‌ವಿಚ್ ಸಮಯ. ತಿರುವನಂತಪುರದ ಕಂಪನಿಯಲ್ಲಿ ನನ್ನ ಮೊದಲ ಟೀಮ್ ಲೀಡ್ ಅವರು. ಕಾಸರಗೋಡಿನ ಕನ್ನಡದವರಾದ್ದರಿಂದ ನನಗೆ ಅಕ್ಕ, ಉಳಿದವರಿಗೆ ಚೇಚಿ.

ಹೊಸಬರು ಯಾರೇ ಬರಲಿ, ಮೊದಲು ಪ್ರೋಗ್ರಾಮ್ ಸರಿಯಿದೆಯೇ ಎಂದು ಪರೀಕ್ಷಿಸುವ ಒಂದೇ ಟೆಸ್ಟ್ ಬರೆಸುತ್ತಿದ್ದರು. ಕಂಪ್ಯೂಟರು ಸೆಕೆಂಡುಗಳನ್ನು ಎಣಿಸಲು ಶುರುಮಾಡುವುದು 1970ರ ಜನವರಿ ಒಂದರ ಗ್ರೀನ್‌ವಿಚ್ ನಡುರಾತ್ರಿಯಿಂದ. ನಮ್ಮಲ್ಲಿ ಆಗ ಬೆಳಗಿನ ಐದೂವರೆ. "ಆ ಐದೂವರೆ ಕೊಟ್ರೆ ಸೊನ್ನೆ ಬರ್ಬೇಕು. ಬಾರದಿದ್ರೆ ಚಾಯ ಇಲ್ಲ," ಎನ್ನುತ್ತಿದ್ದರು.

ಆಮೇಲೆ ನಾನು ಕೆಲಸ ಬಿಟ್ಟು ಕೊಚ್ಚಿಯಲ್ಲಿ ಸ್ವಂತ ತಂತ್ರಾಂಶದ ಅಂಗಡಿ ತೆರೆದೆ. ಮೊದಲ ಗಿರಾಕಿ ತಿರುವನಂತಪುರದ ತಂಪಾನೂರಿನ ಟ್ಯಾಕ್ಸಿ ಮಾಲೀಕ. ಅವನ ಬುಕಿಂಗ್ ತಂತ್ರಾಂಶ ಓಡಬೇಕಾದದ್ದು ಗ್ರೀನ್‌ವಿಚ್ ಸಮಯ ಇಟ್ಟುಕೊಂಡ ಬಾಡಿಗೆ ಸರ್ವರ್‌ನಲ್ಲಿ. ಈ ವ್ಯಾಪಾರ ಕುದುರದಿದ್ದರೆ ಮತ್ತೆ ನೌಕರಿ ಹುಡುಕಬೇಕಿತ್ತು. ಅವನಿಗೆ ತೋರಿಸುವ ದಿನ ರೈಲಿಳಿದವನೇ ಅಕ್ಕನ ಮನೆಗೆ ಹೋಗಿ ಲ್ಯಾಪ್‌ಟಾಪ್ ತೆರೆದೆ. ಟೆಸ್ಟ್‌ಗಳೆಲ್ಲ ಹಸಿರು, ಅಂದರೆ ಪಾಸು.

"ಈ ಟೆಸ್ಟ್‌ಗಳಿಗೆ ಸರಿಯುತ್ತರ ಎಲ್ಲಿಂದ ತಂದದ್ದು?"

"ಪ್ರೋಗ್ರಾಮ್ ಕೊಟ್ಟಿದ್ದನ್ನೇ ಟೆಸ್ಟ್‌ಗೂ ಹಾಕಿದೆ ಅಕ್ಕ."

"ಎಂತ ಮಾರಾಯ! ನಿನ್ನ ತಕ್ಕಡಿ ಸರಿ ಉಂಟೂಂತ ನಿನ್ನ ತಕ್ಕಡಿಯಲ್ಲೇ ತೂಗಿ ತೋರಿಸುದಾ?"

ಲ್ಯಾಪ್‌ಟಾಪಿನ ಗಡಿಯಾರವನ್ನು ಸರ್ವರ್‌ನಂತೆ ಗ್ರೀನ್‌ವಿಚ್‌ಗೆ ತಿರುಗಿಸಿ, ಸೊನ್ನೆಯ ಟೆಸ್ಟ್ ಸೇರಿಸಿ ಓಡಿಸಿದರು. ಕೆಂಪು. ನಮ್ಮ ಆರು ಗಂಟೆಯನ್ನು ಅದು ಗ್ರೀನ್‌ವಿಚ್‌ನ ಆರು ಎಂದುಕೊಂಡಿತ್ತು. ಬೆಳಿಗ್ಗೆ ಆರಕ್ಕೆ ವಿಮಾನ ಇಳಿದವರಿಗೆ ಕಾರು ಬರುವುದು ಹನ್ನೊಂದೂವರೆಗೆ!

ನಾನು ಚೌಕಾಸಿಗಿಳಿದೆ. "ಇವತ್ತು ನಮ್ಮ ಸಮಯ ಇಟ್ಟ ಲ್ಯಾಪ್‌ಟಾಪ್‌ನಲ್ಲೇ ತೋರಿಸಿ ಒಪ್ಪಿಸಿಬಿಡ್ತೀನಿ ಅಕ್ಕ. ಸರ್ವರ್‌ಗೆ ಹಾಕೋ ಹೊತ್ತಿಗೆ ಸರಿ ಮಾಡ್ತೀನಿ."

"ಮಗು ಎತ್ತಿಕೊಂಡವಳು ಕಾರು ಬಾರದೆ ರಸ್ತೆಯಲ್ಲಿ ನಿಂತಾಗ ಅವಳ ಹತ್ರವೂ ಹೀಗೇ ಚೌಕಾಸಿ ಮಾಡ್ತಿಯಾ?"

ಫೋನನ್ನು ನನ್ನ ಕೈಗಿಟ್ಟರು. ಮಾಲೀಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ನಾಳೆಯವರೆಗೆ ಸಮಯ ಕೇಳಿದೆ. ಅವನು ನಕ್ಕು ಮಲಯಾಳದಲ್ಲಿ ಹೇಳಿದ: "ಮೋನೇ, ಕಾರು ಕೆಟ್ಟ ಮೇಲೆ ಫೋನ್ ಮಾಡುವವರೇ ಎಲ್ಲ. ಕೆಡುವ ಮೊದಲೇ ಮಾಡಿದವನು ನೀನೊಬ್ಬ. ನಾಳೆ ಬಾ." ಇವತ್ತಿಗೂ ಅವನು ನನ್ನ ಗಿರಾಕಿ.

ಸ್ವಂತ ವ್ಯಾಪಾರಕ್ಕಿಳಿಯುವವರು ಕೇಳಿ: ದರದಲ್ಲಿ ಎಷ್ಟಾದರೂ ಜಗ್ಗಾಡಿ, ಟೆಸ್ಟ್‌ನಲ್ಲಿ ಬೇಡ. ಉತ್ತರವನ್ನು ಮೊದಲು ಕೈಯಲ್ಲಿ ಲೆಕ್ಕ ಹಾಕಿ, ಆಮೇಲೆ ಯಂತ್ರವನ್ನು ಕೇಳಿ. ಈ ಬುದ್ಧಿ ನನ್ನದಲ್ಲ, ಅಕ್ಕನದು.

ಅವರು ತೀರಿಕೊಂಡ ಮೇಲೆ ಭಾವ ಆ ಗ್ರೀನ್‌ವಿಚ್ ವಾಚನ್ನು ನನಗೆ ಕೊಟ್ಟರು. ಕೊಚ್ಚಿಯ ತ್ರಿಪ್ಪೂಣಿತ್ತುರದ ನನ್ನ ಆಫೀಸಿನ ಮೊಳೆಯಲ್ಲಿ ನೇತಾಡುತ್ತಿದೆ. ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ಅದನ್ನು ನೋಡಿ, "ಸಾರ್, ಟೈಮ್ ತಪ್ಪಿದೆ, ತಿರುಗಿಸ್ಲಾ?" ಎಂದು ಕೈ ಚಾಚಿದಳು.

"ಮುಟ್ಟಬೇಡಮ್ಮ," ಎಂದೆ. "ಮೊದಲು ಸೊನ್ನೆ ತರಿಸು. ಆಮೇಲೆ ಚಾಯ ಕುಡೀತಾ ಹೇಳ್ತೀನಿ."